ಬಿಟ್ಟ ಹುಂಜ

ಕುಕ್ಕರು ಸೀಟಿ ಹೊಡೆಯಿತು.

ಗೋಡೆಯ ಆಚೆ, ನಾಗವೇಣಿಯ ಅಡುಗೆಮನೆಯಲ್ಲಿ, ಬೆಳಗಿನ ಮೊದಲ ಸೀಟಿ. ಗೋಡೆಯ ಈಚೆ, ಹಿತ್ತಲ ಕಟ್ಟೆಯ ಮೇಲೆ ಗಾದಿಯ ಅಂಚು ಹೊಲಿಯುತ್ತ ಕೂತಿದ್ದ ದಸ್ತಗೀರ್‌ಸಾಬ್ ದಬ್ಬಣವನ್ನು ಅರ್ಧಕ್ಕೆ ಚುಚ್ಚಿ ಕೈ ತಡೆದ. ಸೀಟಿಯ ಬೆನ್ನಿಗೇ ಇನ್ನೊಂದು ದನಿ ಬರುವುದಿತ್ತು. ಬಂತು. ಮೂಲೆಯ ಬುಟ್ಟಿಯೊಳಗಿಂದ, ಎಂಟು ಮನೆ ದಾಟಿ ಕೇಳುವ ಹಾಗೆ, ಹುಂಜ ಕೂಗಿತು. ಎರಡನೆಯ ಸೀಟಿಗೆ ಎರಡನೆಯ ಕೂಗು, ಮೂರನೆಯದಕ್ಕೆ ಮೂರನೆಯದು. ಆಮೇಲೆ, ಅವನು ಹೆದರಿಕೊಂಡು ಕಾಯುತ್ತಿದ್ದ ನಾಲ್ಕನೆಯ ದನಿ: ನಾಗವೇಣಿಯ ಎಂಟು ತಿಂಗಳ ಕೂಸಿನ ಅಳು.

ಬೇರೆ ಹುಂಜಗಳು ಸೂರ್ಯನಿಗಷ್ಟೇ ಕೂಗಿದರೆ ಇದು ಕುಕ್ಕರಿಗೂ ಕೂಗುತ್ತಿತ್ತು. ಅದರಲ್ಲಿ ಅದರ ತಪ್ಪೇನೂ ಇರಲಿಲ್ಲ. ಮರಿಯಾಗಿದ್ದಾಗ ಮಳೆಗಾಲದ ಥಂಡಿಗೆ ಸತ್ತೀತೆಂದು ದಸ್ತಗೀರ್‌ಸಾಬನ ಹೆಂಡತಿ ಹಾಜಿರಾಬೀ ಅದನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಒಲೆಯ ಪಕ್ಕದಲ್ಲೇ ಸಾಕಿದ್ದಳು. ಕುಕ್ಕರಿನ ಬಿಸಿಯೇ ಅದಕ್ಕೆ ತಾಯಿಯ ರೆಕ್ಕೆ, ಸೀಟಿಯೇ ತಾಯಿಯ ದನಿ. ಈಗ ಆ ಮನೆಯಲ್ಲಿ ಕುಕ್ಕರು ಹತ್ತುತ್ತಿರಲಿಲ್ಲ. ಒಬ್ಬನ ಹೊಟ್ಟೆಗೆ ಒಂದು ಬೋಗುಣಿ ಅನ್ನ ಸಾಕಾಗುತ್ತಿತ್ತು. ಹುಂಜ ಮಾತ್ರ ಓಣಿಯ ಎಲ್ಲ ಕುಕ್ಕರುಗಳಿಗೂ ಓಗೊಡುತ್ತಿತ್ತು.

ಸಿಂಧನೂರಿನ ಆ ಬಡಾವಣೆ ಹತ್ತು ವರ್ಷದ ಹಿಂದೆ ಭತ್ತದ ಗದ್ದೆ. ಈಗ ಗೋಡೆಗೆ ಗೋಡೆ ತಾಗಿದ ಮನೆಗಳು. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುವಷ್ಟು ಹತ್ತಿರ. ಹೆಂಗಸರಿಗೆ ಸೀಟಿಯ ಲೆಕ್ಕ ತಪ್ಪುತ್ತಿತ್ತು. ಸೀಟಿ ಯಾವುದು, ಹುಂಜ ಯಾವುದು ತಿಳಿಯದೆ ಒಬ್ಬರ ಬೇಳೆ ಬೇಯುತ್ತಿರಲಿಲ್ಲ, ಇನ್ನೊಬ್ಬರದು ಕರಗಿ ಗಂಜಿಯಾಗುತ್ತಿತ್ತು. ನಮ್ಮ ಮನೆಯ ಬ್ಯಾಳಿಗೂ ಈ ಹುಂಜದ ಅಪ್ಪಣೆ ಬೇಕಾಗಿದೆ ಎಂದು ನಾಗವೇಣಿಯ ಅತ್ತೆ ಗೋಡೆಗೆ ಕೇಳುವ ಹಾಗೆ ಅನ್ನುತ್ತಿದ್ದಳು. ನಾಗವೇಣಿಯ ಗಂಡ ಸಿದ್ದರಾಮ ಅಕ್ಕಿ ಮಿಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವನು. ಅವನ ನಿದ್ದೆಯೂ ಹೋಯಿತು, ಕೂಸಿನದೂ ಹೋಯಿತು.

ಕೊಯ್ದು ಉಣ್ಣಬಹುದಿತ್ತು. ಮಾರಬಹುದಿತ್ತು. ಎರಡೂ ಆಗುವಂತಿರಲಿಲ್ಲ, ಯಾಕೆಂದರೆ ಅದು ಬಿಟ್ಟ ಹುಂಜ.

ಬಿಡುವುದು ಅನ್ನುವ ಮಾತಿಗೆ ಆ ಕಡೆ ಎರಡು ಅರ್ಥ. ಕೈಬಿಡುವುದೂ ಬಿಡುವುದೇ, ಹರಕೆ ಹೊತ್ತು, ಇದು ನಿನ್ನದು ಎಂದು ದೇವರ ಹೆಸರಿಗೆ ಎತ್ತಿಡುವುದೂ ಬಿಡುವುದೇ. ಹಾಗೆ ಬಿಟ್ಟದ್ದನ್ನು ಬೇಡಿದ್ದು ಈಡೇರಿದ ಮೇಲೆ ಮುಟ್ಟಿಸಲೇಬೇಕು. ಈಡೇರುವ ತನಕ ಯಾವ ದೇವರಿಗೆ, ಯಾತಕ್ಕೆ ಎಂದು ಬಾಯಿ ಬಿಟ್ಟು ಹೇಳಬಾರದು. ಹೇಳಿದರೆ ಹರಕೆ ಕೆಡುತ್ತದೆ.

ಹೋದ ಮಳೆಗಾಲದಲ್ಲಿ ದಸ್ತಗೀರ್‌ಸಾಬನ ಎದೆ ಕೆಟ್ಟಿತ್ತು. ಮೂವತ್ತು ವರ್ಷ ಅರಳೆ ಹಿಂಜಿದ ಪಿಂಜಾರನ ಎದೆ. ಒಳಗೆಲ್ಲ ಹತ್ತಿಯ ಧೂಳು. ಕೆಮ್ಮಿದರೆ ರಕ್ತ ಬೀಳತೊಡಗಿದಾಗ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಮಲಗಿಸಿದ್ದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಕಾಲ ಅದು. ಹಾಜಿರಾಬೀ ಆಧಾರ್ ಕಾರ್ಡನ್ನು ಕುಬಸದೊಳಗಿಟ್ಟುಕೊಂಡು ಸಿಂಧನೂರಿಗೂ ಲಿಂಗಸುಗೂರಿಗೂ ಓಡಾಡಿದಳು. ಅವನು ಗುಣವಾಗಿ ಮನೆಗೆ ಬಂದಾಗ ಒಲೆಯ ಪಕ್ಕದ ಡಬ್ಬಿಯಲ್ಲಿ ಒಂದು ಮರಿ ಚಿಂವ್‌ಗುಡುತ್ತಿತ್ತು. ಅದರ ಕಾಲಿಗೆ ಏನೋ ಒಂದು ದಾರ. ಕಾಲು ದಪ್ಪಗಾದಂತೆ ಅವಳೇ ಅದನ್ನು ಬಿಚ್ಚಿ ಸಡಿಲವಾಗಿ ಕಟ್ಟುತ್ತಿದ್ದಳು. ಮುಂದೆ ಗಂಗಾವತಿಯಿಂದ ನೆಂಟರು ಬಂದ ದಿನ ಅವನು ಚಾಕು ಹಿರಿದುಕೊಂಡು ಹಿತ್ತಲಿಗೆ ಹೋದಾಗ ಅವಳು ಅಡ್ಡ ಬಂದು ಕೈ ಹಿಡಿದಳು.

"ಅದಕ್ಕ ಕೈ ಹಚ್ಚಬ್ಯಾಡ್ರಿ. ಅದು ಬಿಟ್ಟದ್ದು."

"ಯಾರಿಗಿ?"

"ಕೆಲಸ ಆಗ್ಲಿ, ಹೇಳ್ತೀನಿ."

ಅಷ್ಟು ಹೇಳಿ ನಕ್ಕಿದ್ದಳು. ನಕ್ಕಾಗ ಅವಳು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚುತ್ತಿದ್ದಳು. ಯಾತಕ್ಕೆ ಎಂದು ಅವನು ಕೇಳಲಿಲ್ಲ. ಕೇಳುವುದೇನಿತ್ತು? ಗಂಡ ಆಸ್ಪತ್ರೆಯಲ್ಲಿ ಬಿದ್ದಾಗ ಹೆಂಡತಿ ಬಿಟ್ಟ ಹುಂಜ. ತನ್ನ ಜೀವಕ್ಕೇ ಬಿಟ್ಟದ್ದು ಎಂದು ಅವನು ತಿಳಿದ, ಹೇಳದೆ ಸುಖಪಟ್ಟ.

ಡಿಸೆಂಬರಿನಲ್ಲಿ ಹುಂಜ ಮೊದಲ ಸಲ ಪೂರ್ತಿ ದನಿ ತೆಗೆದು ಕೂಗಿತು. ಅದೇ ವಾರ ಹಾಜಿರಾಬೀ ಕೌದಿ ಹೊಲಿಯುತ್ತ ಕೂತವಳು ಸೂಜಿ ಹಿಡಿದ ಕೈಯ ಮೇಲೇ ವಾಲಿದಳು. ತಲೆಯಲ್ಲಿ ರಕ್ತನಾಳ ಒಡೆದಿದೆ ಎಂದರು. ಎರಡು ದಿನ ಕಣ್ಣು ತೆರೆಯದೆ ಮಲಗಿ ಹೋಗಿಬಿಟ್ಟಳು. ಹನ್ನೊಂದನೆಯ ದಿನ ಗೋಡೆಯಾಚೆ ನಾಗವೇಣಿಗೆ ಹೆಣ್ಣು ಕೂಸು ಹುಟ್ಟಿತು. ಅದಕ್ಕೂ ಮೊದಲು ಅವಳಿಗೆ ಎರಡು ಹೊಟ್ಟೆಯಲ್ಲೇ ಹೋಗಿದ್ದವು.

ಹಾಜಿರಾಬೀ ಸಾಯುವಾಗ ಹೊಲಿಯುತ್ತಿದ್ದ ಕೌದಿ ಆ ಕೂಸಿನದೇ. ಹುಟ್ಟುವ ಮುಂಚೆ ಕೂಸಿಗೆ ಏನೂ ಹೊಲಿಸಬಾರದು ಎಂಬುದು ನಾಗವೇಣಿಯ ಅತ್ತೆಯ ಕಟ್ಟುನಿಟ್ಟು. ನಾಗವೇಣಿ ತನ್ನ ಹಳೆಯ ಸೀರೆಯೊಂದನ್ನು, ಗಿಳಿಹಸಿರಿನ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕಿ ಇದ್ದದ್ದನ್ನು, ಯಾರೂ ಇಲ್ಲದ ಹೊತ್ತಿನಲ್ಲಿ ಗೋಡೆಯ ಮೇಲಿಂದ ದಾಟಿಸಿದ್ದಳು. ನಲವತ್ತು ದಿನ ಕಳೆದ ಮೇಲೆ ದಸ್ತಗೀರ್‌ಸಾಬ್ ಉಳಿದ ಒಂದು ಅಂಚನ್ನು ತಾನೇ ಹೊಲಿದು ಮುಗಿಸಿ, ಒಗೆದು ಒಣಗಿಸಿ, ಒಯ್ದು ಕೊಟ್ಟ. ಸಂಜೆಗೆ ಅತ್ತೆ ಅದನ್ನು ಮಡಚಿ ವಾಪಸ್ ತಂದಳು. ಅರ್ಧಕ್ಕೆ ಬಿಟ್ಟು ಸತ್ತವರ ಕೌದಿಯನ್ನು ಹಸುಗೂಸಿಗೆ ಹೊದಿಸಬಾರದು, ತಪ್ಪು ತಿಳಿಯಬೇಡ ಎಂದಳು. ನಾಗವೇಣಿ ಹಿಂದೆ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು.

ಅವನು ತಪ್ಪು ತಿಳಿಯಲಿಲ್ಲ. ಕೌದಿಯನ್ನು ಒಳಗೆ ಒಯ್ದಿಟ್ಟ.

ಹುಂಜದ ಗದ್ದಲವನ್ನು ತಗ್ಗಿಸಲು ಅವನು ಮಾಡದ ಉಪಾಯವಿರಲಿಲ್ಲ. ಕುತ್ತಿಗೆ ಚಾಚದಿದ್ದರೆ ಕೂಗಲಾರದು ಎಂದು ಯಾರೋ ಹೇಳಿದರು. ತಗ್ಗು ಬುಟ್ಟಿ ತಂದ. ಅದು ಕುತ್ತಿಗೆಯನ್ನು ಅಡ್ಡ ಮಾಡಿ ಕೂಗಿತು. ಸಿದ್ದರಾಮ ಮೊಬೈಲಿನಲ್ಲಿ ಏನೋ ನೋಡಿ, ಹುಂಜದ ಕೊರಳಿಗೆ ಪಟ್ಟಿ ಕಟ್ಟಿದರೆ ದನಿ ಇಳಿಯುತ್ತದಂತೆ ಎಂದ. ದಸ್ತಗೀರ್‌ಸಾಬ್ ಗಾದಿ ಬಟ್ಟೆಯದೇ ಪಟ್ಟಿ ಹೊಲಿದು, ಒಳಗೆ ಬಿಗಿಯದಿರಲೆಂದು ತೆಳ್ಳಗೆ ಅರಳೆ ಇಟ್ಟು, ಒಂದು ಬೆರಳು ಆಡುವಷ್ಟು ಸಡಿಲ ಬಿಟ್ಟು ಕಟ್ಟಿದ. ಆಮೇಲೆ ಅದು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟತೊಡಗಿತು. ಮೊದಲಿನದೇ ಚಲೋ ಇತ್ತು ಎಂದು ಸಿದ್ದರಾಮನೇ ಬಂದು ಬಿಚ್ಚಿಸಿದ. ಕೊನೆಗೆ ಉಳಿದದ್ದು ಕತ್ತಲು. ಬೆಳಕು ಕಾಣದಂತೆ ಬುಟ್ಟಿಯ ಮೇಲೆ ದಪ್ಪನೆಯದೇನಾದರೂ ಹೊದಿಸಬೇಕು. ಮನೆಯಲ್ಲಿ ಯಾರಿಗೂ ಬೇಡವಾದ ದಪ್ಪನೆಯ ಬಟ್ಟೆ ಒಂದೇ ಇತ್ತು. ಕೂಸಿನ ಕೌದಿಯನ್ನು ಅವನು ಹುಂಜಕ್ಕೆ ಹೊದಿಸಿದ. ನಸುಕಿನ ಕೂಗು ನಿಂತಿತು. ಕುಕ್ಕರಿನ ಕೂಗು ನಿಲ್ಲಲಿಲ್ಲ.

ನಿಜ ಹೇಳಬೇಕೆಂದರೆ ಅದು ನಿಲ್ಲುವುದು ಅವನಿಗೂ ಬೇಕಿರಲಿಲ್ಲ. ಒಂದೊಂದು ಕೂಗೂ ಅವನ ಕಿವಿಗೆ, ನೀ ಬದುಕಿದಿ, ಅವಳು ಬೇಡಿಕೊಂಡಳು, ನೀ ಬದುಕಿದಿ ಎಂದಂತೆ ಕೇಳುತ್ತಿತ್ತು. ಅದರ ಹಿಂದೆಯೇ ಇನ್ನೊಂದು ಮುಳ್ಳು: ನಿನ್ನ ಜೀವ ಕೇಳಿ ತನ್ನದನ್ನು ಕೊಟ್ಟಳೇ? ಎರಡನ್ನೂ ಅವನು ದಿನಾ ಕೇಳಿಸಿಕೊಳ್ಳುತ್ತಿದ್ದ. ಯಾವ ದರ್ಗಾಕ್ಕೆ ಮುಟ್ಟಿಸಬೇಕೋ ಗೊತ್ತಿಲ್ಲ ಎಂಬ ನೆಪ ಅವನಿಗೆ ಸಾಕಾಗಿತ್ತು. ಹುಡುಕಿದರೆ ಸಿಕ್ಕೀತು, ಸಿಕ್ಕರೆ ಕೊಡಬೇಕಾದೀತು.

ಆ ಸೋಮವಾರ ನಿವೃತ್ತ ಮೇಷ್ಟ್ರು ಆಂಜನೇಯ ಒಂದು ಕಾಗದ ಹಿಡಿದು ಬಂದರು. ನಗರಸಭೆಗೆ ಅರ್ಜಿ. ದುಂಡನೆಯ ಅಕ್ಷರ, ಒಂದು ಕಾಗುಣಿತ ತಪ್ಪಿಲ್ಲ. ಮೇಷ್ಟ್ರು ಕೆಟ್ಟವರಲ್ಲ, ಕೊಡುವ ಮುಂಚೆ ತೋರಿಸಿ ಹೋಗೋಣವೆಂದು ಬಂದಿದ್ದರು.

"ಬಿಟ್ಟದ್ದು, ಬಿಟ್ಟದ್ದು ಅಂತೀಯಲ್ಲೋ ಸಾಬಾ," ಎಂದರು. "ಬಿಟ್ಟದ್ದಾದ್ರ ಬಿಟ್ಟುಬಿಡು. ಹಿಡಕೊಂಡು ಯಾಕ ಕುಂತೀದಿ?"

ಅರ್ಜಿಯ ಕೆಳಗೆ ಹದಿನಾಲ್ಕು ಸಹಿ. ಮೊದಲನೆಯದು ನಾಗವೇಣಿಯದು. ಅದರ ಪಕ್ಕದಲ್ಲಿ ಕಾರಣ: ಎಂಟು ತಿಂಗಳ ಹಸುಗೂಸಿನ ನಿದ್ದೆಗೆ ಭಂಗ. ಅವನು ಆ ಒಂದು ಹೆಸರನ್ನು ಎರಡು ಸಲ ಓದಿದ. ಹಾಜಿರಾಬೀ ಜ್ವರದಲ್ಲಿ ಮಲಗಿದಾಗ ಗೋಡೆ ಹತ್ತಿ ಇಳಿದು ಬಂದು ತಲೆಗೆ ತಣ್ಣೀರು ಪಟ್ಟಿ ಹಾಕಿದ ಹುಡುಗಿ ಅವಳು. ಶುಕ್ರವಾರದ ತನಕ ತಡೆಯಿರಿ, ಮುಟ್ಟಿಸಿ ಬರುತ್ತೇನೆ ಎಂದು ಮೇಷ್ಟ್ರಿಗೆ ಹೇಳಿದ. ಮೇಷ್ಟ್ರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಮರುದಿನ ಸಾಲಗುಂದಕ್ಕೆ ಹೋದ. ಹಾಜಿರಾಬೀಯ ಅಕ್ಕ ಸುಭಾನಬಿ ಅಲ್ಲಿದ್ದಾಳೆ. ತಂಗಿ ತನಗೂ ಹೇಳಿರಲಿಲ್ಲ ಎಂದು ಅವಳು ಅತ್ತಳು. ಅತ್ತು ಮುಗಿದ ಮೇಲೆ ಎರಡು ಜಾಗ ನೆನಪು ಮಾಡಿದಳು. ಲಿಂಗಸುಗೂರಿನಲ್ಲಿ ಆಸ್ಪತ್ರೆಯ ದಾರಿಯಲ್ಲಿ ಒಂದು ದರ್ಗಾ ಇದೆ, ಅಲ್ಲಿ ನಿನಗಾಗಿ ಊದುಬತ್ತಿ ಹಚ್ಚುತ್ತಿದ್ದಳು. ಇನ್ನೊಂದು ಮಸ್ಕಿಯ ಹೊರಗೆ, ಬೇವಿನ ಗಿಡದ ಕೆಳಗೆ, ಚಿಂದಿತಾತ ಅಂತಾರೆ. ಸಂತೆಯ ದಿನ ಹಳೆ ಅರಿವೆ ಕೊಳ್ಳಲು ಮಸ್ಕಿಗೆ ಹೋದಾಗ ಅಲ್ಲಿ ಇಳಿಯುತ್ತಿದ್ದಳು.

ಲಿಂಗಸುಗೂರೇ ಇರಬೇಕು ಎಂದು ಅವನಿಗೆ ಖಾತ್ರಿಯಾಯಿತು.

ಗುರುವಾರ ಹುಂಜವನ್ನು ಚೀಲದಲ್ಲಿ ಕೂಡಿಸಿ, ತಲೆ ಹೊರಬರಲು ತೂತು ಮಾಡಿ, ಬಿಸಿಲು ತಾಗದಂತೆ ಮೇಲೆ ಕೌದಿ ಸುತ್ತಿ ಬಸ್ಸು ಹತ್ತಿದ. ಕಂಡಕ್ಟರು ಹುಂಜಕ್ಕೂ ಅರ್ಧ ಟಿಕೆಟು ಹರಿದ. ಮುಂದಿನ ನಿಲ್ದಾಣದಲ್ಲಿ ಅವನು ಸೀಟಿ ಊದಿದ್ದೇ ಚೀಲದೊಳಗಿಂದ ಹುಂಜ ಕೂಗಿತು. ಇಳಿಯುವವರು ಇನ್ನೂ ಇಳಿಯುತ್ತಿದ್ದರು. ಎರಡನೆಯ ಸೀಟಿಯಾಯಿತೆಂದು ಡ್ರೈವರ್ ಬಸ್ಸು ಬಿಟ್ಟ. ಮುದುಕಿಯೊಬ್ಬಳು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಗಾಳಿಯಲ್ಲಿಟ್ಟು ಎಲ್ಲರ ವಂಶವನ್ನೂ ಬೈದಳು.

"ಅರ್ಧ ಟಿಕೆಟ್ ವಾಪಸ್ ಕೊಡ್ತೀನಿ ತಗಾ," ಎಂದ ಕಂಡಕ್ಟರು. "ನಿನ್ನ ಹುಂಜ ನನ್ನ ಡ್ಯೂಟಿ ಮಾಡಾಕತ್ತೈತಿ."

ಬಸ್ಸಿಗೆ ಬಸ್ಸೇ ನಕ್ಕಿತು. ದಸ್ತಗೀರ್‌ಸಾಬನೂ ನಕ್ಕ. ಇದನ್ನು ಮನೆಗೆ ಹೋಗಿ ಹೇಳಬೇಕು ಎಂದುಕೊಂಡ. ಯಾರಿಗೆ ಎನ್ನುವುದು ಆಮೇಲೆ ನೆನಪಾಯಿತು.

ಲಿಂಗಸುಗೂರಿನ ದರ್ಗಾದ ಮುಜಾವರ ಹುಂಜದ ಕಾಲನ್ನು ಎತ್ತಿ ನೋಡಿ ತಲೆಯಾಡಿಸಿದ. ಇಲ್ಲಿ ಹಸಿರು ದಾರ ಕಟ್ಟುತ್ತೇವೆ, ಇದು ನಮ್ಮದಲ್ಲ. ಹಾಜಿರಾಬೀಯನ್ನು ಅವನು ಬಲ್ಲ. ಇಪ್ಪತ್ತು ದಿನ ಬಂದಿದ್ದಳು, ಗಂಡ ಗುಣವಾದ ದಿನವೇ ಸಕ್ಕರೆಗೆ ಫಾತೆಹಾ ಓದಿಸಿ ಹಂಚಿ ಹೋದಳು. ಗಂಡನ ಹರಕೆ ಅಂದೇ ತೀರಿತು, ಇಲ್ಲಿ ಏನೂ ಬಾಕಿಯಿಲ್ಲ.

ಅವನು ಮಸ್ಕಿಯ ಬಸ್ಸಿಗೆ ಕಾಯುತ್ತ ನಿಂತ. ತನ್ನ ಹರಕೆ ಸಕ್ಕರೆಯಲ್ಲಿ ತೀರಿದ್ದರೆ ಈ ಹುಂಜ ಯಾರದು?

ಚಿಂದಿತಾತನ ದರ್ಗಾ ರಸ್ತೆಯಿಂದ ಎರಡು ಹೊಲ ಒಳಗೆ. ಒಂದು ಗೋರಿ, ಸುತ್ತ ಕಬ್ಬಿಣದ ಜಾಳಿಗೆ, ಮೇಲೆ ಬೇವು. ಜಾಳಿಗೆಯ ತುಂಬ ಬಟ್ಟೆಯ ಚೂರುಗಳು. ಸೀರೆ, ಲುಂಗಿ, ಅಂಗಿ, ಸ್ಕೂಲ್ ಯೂನಿಫಾರಂ, ಬಿಸಿಲಿಗೆ ಬಣ್ಣ ಕಳೆದು ಎಲ್ಲ ಒಂದೇ ಬೂದಿ. ಗೋರಿಯನ್ನು ನೋಡಿಕೊಳ್ಳುವ ಪೀರ್‌ಸಾಬ್ ಎಪ್ಪತ್ತು ದಾಟಿದ ಮುದುಕ. ಹುಂಜವನ್ನು ಕಂಡವನೇ ಕೈ ಚಾಚಿದ.

"ಕಾಲಿನ ಚಿಂದಿ ಬಿಚ್ಚು."

"ಚಿಂದಿ ಅಲ್ರೀ ಅದು. ದಾರ."

"ನೀ ಏನ್ ಕೆಲಸ ಮಾಡ್ತೀದಿ?"

"ಪಿಂಜಾರ್ರಿ. ಗಾದಿ ಹೊಲೀತೀನಿ."

"ಪಿಂಜಾರ ಆಗಿ ಅರಿವಿ ಗುರುತು ಹತ್ತವಲ್ದು?"

ದಸ್ತಗೀರ್‌ಸಾಬ್ ನೆಲಕ್ಕೆ ಕೂತು ಹುಂಜವನ್ನು ಮಡಿಲಲ್ಲಿ ಅವುಚಿಕೊಂಡು ಗಂಟು ಬಿಚ್ಚಿದ. ವರ್ಷವಿಡೀ ದಿನಾ ನೋಡಿದ ದಾರ. ಕೆಸರು, ಹಿಕ್ಕೆ ಕೂಡಿ ಕಪ್ಪಗೆ ಹೊಸೆದುಕೊಂಡಿತ್ತು. ಬೆರಳಿಗೆ ಹತ್ತಿದ್ದೇ ತಿಳಿಯಿತು. ದಾರವಲ್ಲ. ನಾಲ್ಕು ಮಡಿಕೆಯ ಸಪೂರ ಪಟ್ಟಿ. ಉಗುರಿನಿಂದ ಮಡಿಕೆ ಬಿಡಿಸಿದ. ಒಳಗಿನ ಮಡಿಕೆಯಲ್ಲಿ ಬಣ್ಣ ಹಾಗೇ ಇತ್ತು. ಗಿಳಿಹಸಿರು. ಅದರ ನಡುವೆ ಒಂದೇ ಒಂದು ಬಿಳಿ ಚುಕ್ಕಿ.

ಅವನು ಚೀಲದ ಮೇಲಿನ ಕೌದಿಯನ್ನು ಎಳೆದುಕೊಂಡು, ಅದರ ನಡುವಿನ ಹಸಿರು ತುಂಡಿನ ಮೇಲೆ ಆ ಪಟ್ಟಿಯನ್ನಿಟ್ಟ. ಇಡುವ ಮೊದಲೇ ಗೊತ್ತಾಗಿತ್ತು. ಕೈಗೆ ಬಂದ ಬಟ್ಟೆಯನ್ನು ಅವನ ಬೆರಳು ಯಾವತ್ತೂ ಮರೆತಿರಲಿಲ್ಲ. ಇದೊಂದನ್ನು ಬಟ್ಟೆಯೆಂದೇ ಅವನು ನೋಡಿರಲಿಲ್ಲ.

ಪೀರ್‌ಸಾಬ್ ಅಲ್ಲಿಯ ಪದ್ಧತಿ ಹೇಳಿದ. ಯಾರ ಸಲುವಾಗಿ ಬೇಡುತ್ತಾರೋ ಅವರು ಉಟ್ಟ ಬಟ್ಟೆಯ ಚೂರನ್ನು ಎರಡು ಸೀಳು ಮಾಡಬೇಕು. ಒಂದು ಜಾಳಿಗೆಗೆ, ಒಂದು ಬಿಟ್ಟ ಪ್ರಾಣಿಗೆ. ಈಡೇರಿದ ದಿನ ಎರಡನ್ನೂ ಕೂಡಿಸಿ ಗಂಟು ಹಾಕಿ ಮನೆಗೆ ಒಯ್ಯಬೇಕು. ಹಾಜಿರಾಬೀಯ ನೆನಪು ಅವನಿಗೆ ಚೆನ್ನಾಗಿತ್ತು, ಯಾಕೆಂದರೆ ಯಾರೂ ಕೇಳದ ಪ್ರಶ್ನೆಯನ್ನು ಅವಳು ಕೇಳಿದ್ದಳು. ಪಕ್ಕದ ಮನೆಯ ಹುಡುಗಿ ಬಸುರಿ, ಎರಡು ಉಳಿದಿಲ್ಲ, ಇದಾದರೂ ಉಳಿಯಲಿ ಎಂದು ಬೇಡಬೇಕು. ಆದರೆ ಅವರದು ಲಿಂಗ ಕಟ್ಟಿದ ಮನೆ, ಮೊಟ್ಟೆಯೂ ಹೊಸಿಲು ದಾಟುವುದಿಲ್ಲ. ಅವರ ಕೂಸಿಗೆ ನಾನು ಹುಂಜ ಬಿಟ್ಟರೆ ನಡೆಯುತ್ತದೇನು?

"ನಾ ಹೇಳ್ದೆ," ಎಂದ ಪೀರ್‌ಸಾಬ್, "ತಾತ ಬೇಡೋರ ಹೊಟ್ಟಿ ನೋಡ್ತಾನವ್ವ, ತಿನ್ನೋರ ಹೊಟ್ಟಿ ಅಲ್ಲ."

ದಸ್ತಗೀರ್‌ಸಾಬ್ ಎದ್ದು ಜಾಳಿಗೆಯ ಸುತ್ತ ನಡೆದ. ಕಣ್ಣಿಂದ ಅಲ್ಲ, ಬೆರಳಿಂದ ಹುಡುಕಿದ. ಬೇವಿನ ನೆರಳು ಬೀಳುವ ಕಡೆ, ಮಗುವಿನ ಕೈಗೆ ಎಟಕುವಷ್ಟು ಕೆಳಗೆ ಇನ್ನೊಂದು ಸೀಳು ಸಿಕ್ಕಿತು. ಗಂಟು ಹಾಜಿರಾಬೀಯದೇ. ಕೌದಿಯ ಕೊನೆಯ ಹೊಲಿಗೆಗೆ ಹಾಕುವ ಹಾಗೆ ದಾರವನ್ನು ಎರಡು ಸುತ್ತು ತಿರುಗಿಸಿ ಒಳಗೆ ಅಡಗಿಸಿದ ಗಂಟು.

ಗಂಡಹೆಂಡಿರಿಗೆ ಮೂರು ಮಕ್ಕಳು ಹುಟ್ಟಿ ಮೂರೂ ಹೋಗಿದ್ದವು. ಒಂದು ಮೂರು ದಿನ ಇತ್ತು, ಒಂದು ಒಂದೇ ದಿನ, ಒಂದು ಅಳಲೂ ಇಲ್ಲ. ಮೂರನೆಯದನ್ನು ಮಣ್ಣಿಗಿಟ್ಟು ಬಂದ ಮೇಲೆ ಅವಳು ತನಗೆಂದು ಏನನ್ನೂ ಬೇಡಿದ್ದನ್ನು ಅವನು ಕಂಡಿರಲಿಲ್ಲ. ಬೇಡುವುದನ್ನೇ ಬಿಟ್ಟಳು ಎಂದುಕೊಂಡಿದ್ದ. ಕೇಳಿಯೂ ಇರಲಿಲ್ಲ.

ಅವನ ಜೀವಕ್ಕೆ ಅವಳು ತನ್ನದನ್ನು ಕೊಟ್ಟಿರಲಿಲ್ಲ. ಎದೆಯಲ್ಲಿದ್ದ ಆ ಮುಳ್ಳು ಬಿದ್ದುಹೋಯಿತು. ಮುಳ್ಳಿನ ಜೊತೆಗೆ, ನೀ ಬದುಕಿದಿ ಎನ್ನುತ್ತಿದ್ದ ದನಿಯೂ ಹೋಯಿತು. ಇಷ್ಟು ದಿನ ಹುಂಜ ಕೂಗಿದ್ದು ಅವನನ್ನಲ್ಲ.

ಪೀರ್‌ಸಾಬ್ ಕಾಯುತ್ತಿದ್ದ. ಕೊನೆಗೆ ಕೇಳಬೇಕಾದ ಮಾತು ಕೇಳಿದ.

"ಬೇಡಿದ್ದು ಆತೇನು, ಆಗಲಿಲ್ಲೇನು? ಆಗಿಲ್ಲಂದ್ರ ಹುಂಜಾನ ಮನಿಗೆ ಒಯ್ಯಿ. ಆಗದ ಕೆಲಸಕ್ಕ ತಾತ ಏನೂ ಮುಟ್ಟಂಗಿಲ್ಲ."

ಹುಂಜ ಅವನ ತೋಳಿನ ಸಂದಿಯಲ್ಲಿ ಕಣ್ಣು ಮುಚ್ಚಿ ಬೆಚ್ಚಗಿತ್ತು. ಆಗಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅದು ಅವನದು. ಸಾಲಗುಂದದಲ್ಲಿ ಸುಭಾನಬಿಯ ಹಿತ್ತಲು ದೊಡ್ಡದು, ಅಕ್ಕಪಕ್ಕ ಯಾರೂ ಇಲ್ಲ. ಅಲ್ಲಿ ಬಿಟ್ಟು ವಾರಕ್ಕೊಮ್ಮೆ ಹೋಗಿ ಕೇಳಿ ಬರಬಹುದಿತ್ತು. ಕೇಳಲು ಯಾರಿದ್ದಾರೆ, ನೋಡಲು ಯಾರಿದ್ದಾರೆ? ಆದರೆ ಆಗಿಲ್ಲ ಎಂದರೆ ಏನಾಗಿಲ್ಲ? ಆ ಕೂಸು ಉಳಿದಿಲ್ಲ ಎಂದು ಗೋರಿಯ ಮುಂದೆ ನಿಂತು ಹೇಳಿದ ಹಾಗೆ. ಅವನು ಹುಂಜದ ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸಿದ.

"ಆತ್ರಿ," ಎಂದ. "ಹೆಣ್ಣು ಕೂಸು. ಎಂಟು ತಿಂಗಳಾತು. ಅಳಾಕ ದನಿ ಭಾಳ ಐತಿ."

ಪೀರ್‌ಸಾಬ್ ಹುಂಜವನ್ನು ಅವನ ತೋಳಿನಿಂದ ತೆಗೆದುಕೊಂಡು ಬೇವಿನ ಆ ಬದಿಗೆ ಹೋದ. ದಸ್ತಗೀರ್‌ಸಾಬ್ ಜಾಳಿಗೆಯ ಚಿಂದಿಯನ್ನು ಬಿಚ್ಚಿಕೊಂಡು, ಈ ಬದಿಗೆ ಮುಖ ಮಾಡಿ ಕೂತು ಎರಡು ಚಿಂದಿಗಳನ್ನೂ ಕೂಡಿಸಿ ಗಂಟು ಹಾಕಿದ. ಅವಳ ಗಂಟೇ ಹಾಕಲು ಹೋದ. ಎರಡು ಸಲ ತಪ್ಪಿತು.

ಬೇಡಿದವರ ಮನೆಯವರು ಒಂದು ತುತ್ತಾದರೂ ಉಣ್ಣಬೇಕೆಂಬುದು ಅಲ್ಲಿಯ ನೇಮ. ಪೀರ್‌ಸಾಬನ ಹೆಂಡತಿ ಅಡುಗೆ ಮಾಡಿ ಬಡಿಸಿದಳು. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ನಾಲ್ಕು ಆಳುಗಳನ್ನೂ ಕರೆದು ಕೂಡಿಸಿದಳು. ಅವನು ರೊಟ್ಟಿಯ ಒಂದು ತುತ್ತನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟು ಬಹಳ ಹೊತ್ತು ಅಗಿದ. ಒಲೆಯ ಪಕ್ಕದ ರಟ್ಟಿನ ಡಬ್ಬಿ ಕಣ್ಣ ಮುಂದೆ ಬಂತು. ನೀರು ಕುಡಿದು ನುಂಗಿದ. ಯಾರ ಸಲುವಾಗಿ ಬೇಡಿದ್ದೋ ಅವರಿಗೂ ಪಾಲು ಮುಟ್ಟಬೇಕಲ್ಲ ಎಂದ ಪೀರ್‌ಸಾಬ್, ಆಮೇಲೆ ತಾನೇ ನೆನಪಿಸಿಕೊಂಡು, ಅವರಿಗೆ ಇದು ಬೇಡ ಎಂದು ಒಂದು ಹಿಡಿ ಸಕ್ಕರೆಗೆ ಫಾತೆಹಾ ಓದಿ ಕಾಗದದಲ್ಲಿ ಕಟ್ಟಿ ಕೊಟ್ಟ.

ಮರುದಿನ ಶುಕ್ರವಾರ. ದಸ್ತಗೀರ್‌ಸಾಬ್ ಹಿತ್ತಲ ಕಟ್ಟೆಯ ಮೇಲೆ ಗಾದಿಯ ಇನ್ನೊಂದು ಅಂಚು ಹಿಡಿದು ಕೂತಿದ್ದ. ಗೋಡೆಯಾಚೆ ಕುಕ್ಕರು ಸೀಟಿ ಹೊಡೆಯಿತು. ದಬ್ಬಣ ಅರ್ಧಕ್ಕೆ ಚುಚ್ಚಿ ಅವನ ಕೈ ತಾನಾಗಿ ನಿಂತಿತು. ಎರಡನೆಯ ಸೀಟಿ. ಮೂರನೆಯದು. ನಾಗವೇಣಿ ಲೆಕ್ಕ ತಪ್ಪದೆ ಒಲೆ ಆರಿಸಿದ್ದು ಕೇಳಿತು. ಓಣಿಯ ಯಾವ ಮನೆಯಲ್ಲೂ ಆ ದಿನ ಬೇಳೆ ಕೆಡಲಿಲ್ಲ.

ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ನಾಗವೇಣಿಯ ಮುಖ ಕಂಡಿತು, ಸೊಂಟದಲ್ಲಿ ಕೂಸು. ಬುಟ್ಟಿ ಬೋರಲು ಬಿದ್ದದ್ದನ್ನೂ, ಹಗ್ಗದ ಮೇಲೆ ಕೌದಿ ಒಗೆದು ಹಾಕಿದ್ದನ್ನೂ ಅವಳು ನೋಡಿದಳು.

"ಮುಟ್ಟಿಸಿ ಬಂದ್ರೇನು ಚಾಚಾ?"

"ಹೂಂನವ್ವ."

ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. ಆಮೇಲೆ, ಆ ಕಾಗದಕ್ಕೆ ತಾನು ಸಹಿ ಮಾಡಬಾರದಿತ್ತು, ಅತ್ತೆ ಎದುರಿಗೇ ಕೂತಿದ್ದಳು, ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ ಎಂದು ಒಂದರ ಮೇಲೊಂದು ಹೇಳಿಕೊಂಡಳು. ಅವನು ಇರಲಿ ಬಿಡು ಎಂದ.

"ನಿದ್ದಿ ಮಾಡ್ತೈತಿ ಅಂತ ಮಾಡಿದ್ದೆ," ಎಂದಳು. "ಇವತ್ತು ಸೀಟಿ ಆದಕೂಡ್ಲೇ ಗ್ವಾಡಿ ಕಡೆ ಹೊಳ್ಳಿತ್ರಿ ಚಾಚಾ. ಹೊಳ್ಳಿ ಕಾದ್ಕಂತ ಕುಂತೈತಿ. ಅಳವಲ್ದು, ಮಲಗವಲ್ದು."

ಕೂಸು ಬುಟ್ಟಿಯನ್ನೇ ನೋಡುತ್ತಿತ್ತು. ದಸ್ತಗೀರ್‌ಸಾಬ್ ಎದ್ದು, ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಗೋಡೆಯ ಮೇಲಿಟ್ಟ. ಜೇಬಿನಲ್ಲಿ ಅದರ ಕೆಳಗಿದ್ದ ಎರಡು ಚಿಂದಿಗಳ ಗಂಟು ಅಲ್ಲೇ ಉಳಿಯಿತು.

"ಕೂಸಿನ ನಾಲಿಗಿಗೆ ಒಂಚೂರು ಹಚ್ಚವ್ವ. ಬರೇ ಸಕ್ಕರಿ. ನಿಮ್ಮತ್ತಿಗೆ ಹೇಳಬ್ಯಾಡ."

ಅವಳು ಬೆರಳ ತುದಿಯಿಂದ ಹಚ್ಚಿದಳು. ಕೂಸು ಮೊದಲು ಮುಖ ಕಿವುಚಿತು. ಆಮೇಲೆ ತುಟಿ ಚಪ್ಪರಿಸಿ, ಇನ್ನೂ ಬೇಕೆಂದು ಬೆರಳನ್ನು ಹಿಡಿಯಿತು. ಅವನು ಅದನ್ನು ನೋಡುತ್ತ ನಿಂತ. ಅದರ ಗದ್ದದ ಕೆಳಗೆ ಒಂದು ಸಕ್ಕರೆಯ ಹರಳು ಅಂಟಿ ಹೊಳೆಯುತ್ತಿತ್ತು.

"ಯಾವ ದೇವರದ್ರಿ ಇದು?" ನಾಗವೇಣಿ ಕೇಳಿದಳು. "ಗೊತ್ತಾತೇನು, ಚಾಚಿ ಯಾರ ಸಲುವಾಗಿ ಬಿಟ್ಟಿದ್ಳಂತ?"

ಅವನು ಪೊಟ್ಟಣವನ್ನು ಮಡಚಿ ಅವಳ ಕಡೆ ಸರಿಸಿದ.

"ನಿಮ್ಮ ಸಲುವಾಗೇ ಬಿಟ್ಟಿರ್ತಾಳ ತಗೋರಿ. ನೀವು ದವಾಖಾನಿಯಾಗ ಇದ್ದಾಗ ಈ ಗ್ವಾಡಿ ಹಿಡಕೊಂಡೇ ಅಳತಿದ್ಳು. ನನ್ನ ಹೊಟ್ಟಿ ಮುಟ್ಟಿ ಮುಟ್ಟಿ ನೋಡ್ತಿದ್ಳು, ಅಳತಿದ್ಳು. ನಿಮ್ಮ ಸಲುವಾಗೇ ಹೌದಲ್ರೀ ಚಾಚಾ?"

ಅವನು ಆಗಲೇ ತಿರುಗಿದ್ದ. ಹೌದೆಂದರೆ ಸುಳ್ಳು, ಅಲ್ಲವೆಂದರೆ ಆ ಮೊದಲ ಸಹಿ ಜನ್ಮವಿಡೀ ಅವಳನ್ನು ಚುಚ್ಚೀತು. ಬೋರಲು ಬುಟ್ಟಿಯನ್ನು ದಾಟಿ, ಒದ್ದೆ ಕೌದಿಯ ಕೆಳಗೆ ತಲೆ ತಗ್ಗಿಸಿ, ಮನೆಯೊಳಗಿಂದ ಬೀದಿಬಾಗಿಲಿಗೆ ನಡೆದು ಚಪ್ಪಲಿ ಮೆಟ್ಟಿದ. ಗಾದಿಯಲ್ಲಿ ದಬ್ಬಣ ಅರ್ಧಕ್ಕೇ ನಿಂತಿತ್ತು. ಹಿತ್ತಲಿನಿಂದ ನಾಗವೇಣಿಯ ದನಿ ಇನ್ನೂ ಬರುತ್ತಿತ್ತು.

"ಚಾಚಾ, ಕೇಳಾಕತ್ತೀನಿ ನೋಡ್ರಿ. ಹೌದಂತನಾದ್ರೂ ಅನ್ರಲ್ಲ..."

ಅವನು ಓಣಿಯ ತಿರುವು ದಾಟಿದ.